ಕಂಪನಿ ಕಾರು ಬಂತು, ಬಸ್ ಹತ್ತೋದು ನಿಂತೇಹೋಯ್ತು

ಕುವೆಂಪುನಗರದವನು: ನಮ್ಮ ಮೈಸೂರಿನ ಹೆಬ್ಬಾಳದ ಫ್ಯಾಕ್ಟರಿಗೆ ಮೊದಲು ಬಸ್ಸಿನಲ್ಲೇ ಹೋಗುತ್ತಿದ್ದೆ. ಪ್ರಮೋಷನ್ ಆದಮೇಲೆ ಕಂಪನಿ ಕಾರು ಕೊಟ್ಟಿತು, ಪೆಟ್ರೋಲೂ ಅವರದೇ. ಈಗ ಬೀದಿ ತುದಿಯಿಂದ ಹಾಲು ತರುವುದಕ್ಕೂ ಕಾರೇ ಬೇಕು. ಸೈಕಲ್ಲಿನ ಎರಡೂ ಟೈರು ಗಾಳಿ ಇಳಿದು ಚಪ್ಪಟೆಯಾಗಿವೆ, ಸೀಟಿನ ಮೇಲೆ ಹಪ್ಪಳದ ತಟ್ಟೆ ಇಟ್ಟು ಒಣಗಿಸುತ್ತಾರೆ. ನಿಜಕ್ಕೂ ಬೇಜಾರಾಗುತ್ತಿದೆ. ನಿಮಗೂ ಹೀಗೇನಾ?

ಲೆಕ್ಕದವಳು: ಇದು ಬರೀ ಸೋಮಾರಿತನ ಅಲ್ಲ ಸಾರ್. 1962ರ ಆದಾಯ ತೆರಿಗೆ ನಿಯಮಗಳನ್ನೇ ನೋಡಿ. ಕಂಪನಿಯ ಕಾರನ್ನು ಆಫೀಸಿಗೂ ಸ್ವಂತಕ್ಕೂ ಬಳಸಿದರೆ, 1.6 ಲೀಟರ್‌ವರೆಗಿನ ಎಂಜಿನ್‌ಗೆ ತಿಂಗಳಿಗೆ 1,800 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,400 ಅಂತ ಸಂಬಳಕ್ಕೆ ಸೇರಿಸಿ ತೆರಿಗೆ ಲೆಕ್ಕ ಹಾಕುತ್ತಿದ್ದರು, ಪೆಟ್ರೋಲ್ ಕಂಪನಿಯದೇ ಆದರೂ ಅಷ್ಟೇ. ತಿಂಗಳಿಗೆ 200 ಕಿ.ಮೀ. ಓಡಿಸಿ, 2,000 ಓಡಿಸಿ, ಮೊತ್ತ ಒಂದೇ. ಇನ್ನೊಂದು ಸುತ್ತು ಹೋದರೆ ಜೇಬಿನಿಂದ ಏನೂ ಹೋಗಲ್ಲ ಅಂದಮೇಲೆ ಯಾರು ನಡೀತಾರೆ?

ಮಂಡ್ಯ ಪ್ಯಾಸೆಂಜರ್: ನಾನು ಮಂಡ್ಯದಿಂದ ರೈಲಿನಲ್ಲಿ ಬಂದು, ಮೈಸೂರು ಸ್ಟೇಷನ್ನಿಂದ ಹೆಬ್ಬಾಳಕ್ಕೆ ಬಸ್ ಹಿಡಿಯುತ್ತೇನೆ. ನಮ್ಮ ಮ್ಯಾನೇಜರ್ ಅದೇ ಮಂಡ್ಯದಿಂದ ಕಂಪನಿ ಕಾರಿನಲ್ಲಿ ಒಬ್ಬರೇ ಬರುತ್ತಾರೆ. ರೈಲು ಪಾಸಿನ ದುಡ್ಡು ಕೊಡಿ ಅಂತ ಕೇಳಿದೆ, ಅದಕ್ಕೆ ಅವಕಾಶ ಇಲ್ಲ ಅಂದರು. ಕಾರಿಗಾದರೆ ಇದೆ! ಹೊಟ್ಟೆ ಉರಿಯುತ್ತೆ.

ಹೂಟಗಳ್ಳಿ ಅಕ್ಕ: ಕಾರೇ ತಪ್ಪು ಅನ್ನಬೇಡಿ. ನಮ್ಮ ಎರಡನೇ ಪಾಳಿ ಬಿಡುವುದು ರಾತ್ರಿ 11ಕ್ಕೆ. ಆ ಹೊತ್ತಲ್ಲಿ ಒಬ್ಬಳೇ ಸ್ಟಾಪಿನಲ್ಲಿ ನಿಲ್ಲೋದು ಸುಲಭ ಅಲ್ಲ. ಮನೆ ತನಕ ಬಿಡುವ ವ್ಯಾನ್ ಕೊಡಿ ಅಂತ ಕೇಳಿ ಕೇಳಿ ಸಾಕಾಗಿದೆ.

ಲೆಕ್ಕದವಳು: ಅಕ್ಕಾ, ನಿಮ್ಮ ಮಾತು ಸರಿ. ಮನೆಯಿಂದ ಕೆಲಸಕ್ಕೆ ಹೋಗಿಬರಲು ಕಂಪನಿ ವಾಹನ ಕೊಟ್ಟರೆ ಅದನ್ನು ಸವಲತ್ತು ಅಂತ ಲೆಕ್ಕ ಹಾಕಲ್ಲ, ತೆರಿಗೆಯೂ ಇಲ್ಲ. ಹಾಗಾಗಿ ವ್ಯಾನಿಗೆ ತೆರಿಗೆಯ ನೆಪ ಹೇಳೋ ಹಾಗಿಲ್ಲ. ನಾನು ಹೇಳೋದು ಲೆಕ್ಕ ಹಾಕುವ ರೀತಿಯ ಬಗ್ಗೆ. ಬ್ರಿಟನ್ನಿನಲ್ಲಿ 2002ರ ತನಕ ಕೆಲಸದ ಓಡಾಟ ವರ್ಷಕ್ಕೆ 18,000 ಮೈಲಿ ಮುಟ್ಟಿದರೆ ಕಂಪನಿ ಕಾರಿನ ತೆರಿಗೆ ಕಡಿಮೆಯಾಗುತ್ತಿತ್ತು. ಜಾಸ್ತಿ ಓಡಿಸಿದವರಿಗೆ ಲಾಭ! ಆಮೇಲೆ ಅದನ್ನು ತೆಗೆದು, ಕಾರು ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಅನ್ನುವುದರ ಮೇಲೆ ತೆರಿಗೆ ಹಾಕಿದರು.

ಮಂಡ್ಯ ಪ್ಯಾಸೆಂಜರ್: ನಮ್ಮಲ್ಲಿ ಅಷ್ಟು ದೂರ ಹೋಗೋದೂ ಬೇಡ. ಕಾರು ಬೇಡ ಅಂದವರಿಗೆ ಅದೇ ದುಡ್ಡು ಕೈಗೆ ಕೊಡಲಿ. ಬಸ್ಸೋ ರೈಲೋ ಸೈಕಲ್ಲೋ, ಅವರೇ ನೋಡಿಕೊಳ್ಳುತ್ತಾರೆ.

ಕುವೆಂಪುನಗರದವನು: ಹಾಗೆ ಕೊಟ್ಟರೆ ನಾನಂತೂ ದುಡ್ಡೇ ತಗೊಳ್ಳುತ್ತೇನೆ. ಅಲ್ಲಿವರೆಗೆ, ಮಂಡ್ಯದ ಅಣ್ಣ, ನಿಮ್ಮ ರೈಲು ಎಷ್ಟು ಗಂಟೆಗೆ ಬರುತ್ತೆ? ನಾನು ಸ್ಟೇಷನ್ ಕಡೆಯಿಂದಲೇ ಹೆಬ್ಬಾಳಕ್ಕೆ ಹೋಗಬಹುದು, ಮೂರು ಸೀಟು ಖಾಲಿ ಇರುತ್ತೆ.