ಟಂಬ್ಲಿಂಗ್‌ಗೆ ಕನ್ನಡದಲ್ಲಿ ಏನೆನ್ನಬೇಕು: ಉರುಳುವುದೋ, ಹೊರಳುವುದೋ, ಲಾಗವೋ?

ಪ್ರೌಢಶಾಲೆಯ ಮಕ್ಕಳಿಗಾಗಿ ‘ಓಮುವಾಮುವಾ’ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ಲೇಖನ ಮುಂದೆ ಹೋಗುತ್ತಿಲ್ಲ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

2017ರ ಅಕ್ಟೋಬರ್ 19ರಂದು ಹವಾಯಿಯ ಹಲೆಯಾಕಲಾ ಶಿಖರದಲ್ಲಿರುವ ಪ್ಯಾನ್-ಸ್ಟಾರ್ಸ್ ದೂರದರ್ಶಕದ ಚಿತ್ರಗಳಲ್ಲಿ ರಾಬರ್ಟ್ ವೆರಿಕ್ ಗುರುತಿಸಿದ ಈ ಕಾಯ, ಸೌರಮಂಡಲದ ಹೊರಗಿನಿಂದ ಬಂದವುಗಳಲ್ಲಿ ನಮ್ಮ ಕಣ್ಣಿಗೆ ಬಿದ್ದ ಮೊದಲನೆಯದು. ಹವಾಯಿ ಭಾಷೆಯಲ್ಲಿ ‘ಮುವಾ’ ಎಂದರೆ ಮೊದಲು, ಮುಂದೆ ಎಂದರ್ಥ; ನಾವು ‘ಮೊತ್ತಮೊದಲು’, ‘ತುತ್ತತುದಿ’ ಎನ್ನುವ ಹಾಗೆ ಅವರೂ ಒತ್ತು ಕೊಡಲು ಪದವನ್ನು ಇಮ್ಮಡಿಸಿದ್ದಾರೆ ಎಂಬುದನ್ನು ತಿಳಿದಾಗ ನನಗೆ ಬಹಳ ಸಂತೋಷವಾಯಿತು.

ಇದರ ಹೊಳಪು ಕೆಲವೇ ಗಂಟೆಗಳಲ್ಲಿ ಸುಮಾರು ಹತ್ತು ಪಟ್ಟು ಏರಿಳಿಯುತ್ತಿತ್ತು. ಕಾಯವು ಉದ್ದವಾಗಿಯೋ ಚಪ್ಪಟೆಯಾಗಿಯೋ ಇದ್ದು, ಒಮ್ಮೆ ಅಗಲವಾದ ಮೈಯನ್ನೂ ಒಮ್ಮೆ ಕಿರಿದಾದ ಮೈಯನ್ನೂ ನಮ್ಮ ಕಡೆಗೆ ತೋರಿಸುತ್ತಿದ್ದರೆ ಹೀಗಾಗುತ್ತದೆ. ಆದರೆ ಈ ಏರಿಳಿತ ಒಂದೇ ಲಯದಲ್ಲಿ ಮರುಕಳಿಸಲಿಲ್ಲ. ಒಂದು ರಾತ್ರಿಯ ಅಳತೆ ಇನ್ನೊಂದು ರಾತ್ರಿಯದಕ್ಕೆ ಕೂಡಿಬರಲಿಲ್ಲ. ಕಾಯವು ಒಂದು ಸ್ಥಿರವಾದ ಅಕ್ಷದ ಸುತ್ತ ತಿರುಗುತ್ತಿಲ್ಲ, ತಿರುಗುವ ಅಕ್ಷವೇ ಅದರ ಮೈಯೊಳಗೆ ಜಾಗ ಬದಲಿಸುತ್ತಿದೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ವಿವರಿಸಿದವು. ಟಂಬ್ಲಿಂಗ್ ಎನ್ನುವುದು ಇದಕ್ಕೆ.

‘ಉರುಳು’ ಎಂದು ಬರೆದು ಹೊಡೆದುಹಾಕಿದೆ. ಉರುಳುವುದಕ್ಕೆ ನೆಲ ಬೇಕು: ಬಂಡೆ ಇಳಿಜಾರಿನಲ್ಲಿ ಉರುಳುತ್ತದೆ, ಭಕ್ತರು ದೇವಸ್ಥಾನದ ಅಂಗಳದಲ್ಲಿ ಉರುಳುಸೇವೆ ಮಾಡುತ್ತಾರೆ. ‘ಪಲ್ಟಿ’ ಎಂದೊಡನೆ ರಸ್ತೆ ಬದಿಯ ಲಾರಿ ನೆನಪಾಗುತ್ತದೆ. ಅದು ಒಮ್ಮೆ ನಡೆದು ಮುಗಿಯುವ ಘಟನೆ. ‘ಗಿರಕಿ’ ಮತ್ತು ‘ಲಾಗ’ ಎರಡರಲ್ಲಿಯೂ ಅಕ್ಷ ಬದಲಾಗುವುದಿಲ್ಲ. ಬುಗುರಿಯ ‘ಓಲಾಟ’ ಹತ್ತಿರ ಬರುತ್ತದೆಯಾದರೂ, ಬುಗುರಿ ಓಲಾಡುವುದು ಭೂಮಿಯ ಸೆಳೆತದಿಂದ. ಓಮುವಾಮುವಾದ ಚಲನೆಗೆ ಹೊರಗಿನ ಯಾವ ಸೆಳೆತವೂ ಬೇಕಾಗಿಲ್ಲ.

ನನಗೆ ಒಪ್ಪಿಗೆಯಾಗುವ ಪದ ‘ಹೊರಳು’. ಮಗ್ಗುಲು ಹೊರಳುವುದು, ನೋವಿನಲ್ಲಿ ಹೊರಳಾಡುವುದು ಎಂಬ ಬಳಕೆಗಳಲ್ಲಿ ಮೈಯ ಮುಖ ಬದಲಾಗುವ ಅರ್ಥವೂ ನಿಯಮವಿಲ್ಲದ ಚಲನೆಯ ಅರ್ಥವೂ ಇವೆ. ಮಕ್ಕಳಿಗೆ ತೋರಿಸಲು ಚಿನ್ನಿದಾಂಡಿನ ಚಿನ್ನಿಯನ್ನೇ ಆರಿಸಿಕೊಂಡಿದ್ದೇನೆ. ಚೂಪು ತುದಿಗೆ ಪೆಟ್ಟು ಬಿದ್ದು ಚಿನ್ನಿ ಎಗರಿದಾಗ ಅದರ ಎರಡು ತುದಿಗಳೂ ಮೇಲೆ ಕೆಳಗೆ ಆಗುತ್ತಿರುತ್ತವೆ. ಪೆಟ್ಟು ಸ್ವಲ್ಪ ಓರೆಯಾಗಿ ಬಿದ್ದಿದ್ದರೆ ತನ್ನ ಉದ್ದದ ಸುತ್ತಲೂ ಅದು ತಿರುಗುತ್ತಿರುತ್ತದೆ. ಈ ಎರಡೂ ಒಟ್ಟಿಗೆ ನಡೆಯುವುದರಿಂದಲೇ ಹಿಡಿಯಲು ಹೋದ ಹುಡುಗನ ಕೈಗೆ ಅದು ಹೇಗೆ ಬಂದು ತಗಲುತ್ತದೆಂದು ಹೇಳಲಾಗುವುದಿಲ್ಲ. ‘ಹೊರಳುಗತಿ’ ಎಂದರೆ ಅರಿಸಮಾಸವೆಂದು ಕೆಲವರು ಆಕ್ಷೇಪಿಸಬಹುದು. ‘ಹೊರಳುಸುತ್ತು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ.

ಪದಕ್ಕಾಗಿ ಇಷ್ಟು ಹಟ ಹಿಡಿಯಲು ಕಾರಣವಿದೆ. ಹೀಗೆ ಹೊರಳುವ ಕಾಯವು ಒಳಗೊಳಗೇ ಹಿಗ್ಗಿ ಕುಗ್ಗಿ, ಘರ್ಷಣೆಯಿಂದ ಶಕ್ತಿಯನ್ನು ಕಳೆದುಕೊಂಡು, ಕೊನೆಗೆ ಒಂದೇ ಅಕ್ಷದ ಸುತ್ತ ನೆಟ್ಟಗೆ ತಿರುಗತೊಡಗುತ್ತದೆ. ಇಷ್ಟು ಚಿಕ್ಕ ಕಾಯಕ್ಕೆ ಆ ಸ್ಥಿತಿ ತಲುಪಲು ನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬೇಕಾಗಬಹುದು. ಆದ್ದರಿಂದ ನಾವು ಕಂಡ ಹೊರಳಾಟ, ಅದು ತನ್ನ ಹುಟ್ಟೂರಿನಲ್ಲಿಯೇ ತಿಂದ ಪೆಟ್ಟಿನ ಗುರುತಾಗಿರಬಹುದೆಂದು ಕೆಲವು ವಿಜ್ಞಾನಿಗಳು ಊಹಿಸಿದ್ದಾರೆ. ಪದದಲ್ಲಿ ಆ ಪೆಟ್ಟಿನ ಸುಳಿವು ಇದ್ದರೆ ಚೆನ್ನ.

ಎರಡನೆಯ ತೊಡಕು ಹುಟ್ಟೂರಿನದೇ. ‘ಅಭಿಜಿತ್ ನಕ್ಷತ್ರದಿಂದ ಬಂದದ್ದು’ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ, ಅದು ತಪ್ಪು. ಕಾಯವು ಬಂದದ್ದು ಅಭಿಜಿತ್ ಇರುವ ದಿಕ್ಕಿನಿಂದ. ಸೆಕೆಂಡಿಗೆ ಸುಮಾರು 26 ಕಿಲೋಮೀಟರ್ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಸುಮಾರು ಮೂರು ಲಕ್ಷ ವರ್ಷ ಬೇಕು, ಆಗ ಅಭಿಜಿತ್ ಆ ಜಾಗದಲ್ಲಿ ಇರಲೇ ಇಲ್ಲ. ‘ಮೈಸೂರಿನಿಂದ ಬಂದವರು’ ಮತ್ತು ‘ಮೈಸೂರು ಕಡೆಯಿಂದ ಬಂದವರು’ ಎಂಬುದರ ನಡುವಿನ ವ್ಯತ್ಯಾಸ ನಮ್ಮ ಮಾತಿನಲ್ಲಿ ಸ್ಪಷ್ಟವಾಗಿದೆ. ವಿಜ್ಞಾನ ಬರೆಯುವಾಗ ಈ ‘ಕಡೆ’ಯನ್ನು ನಾವು ಬಿಟ್ಟುಬಿಡುತ್ತೇವೆ. ‘ಮೂಲ’ ಎಂಬ ಪದಕ್ಕೂ ಇದೇ ತೊಂದರೆ ಇದೆ, ಏಕೆಂದರೆ ಅದು ಹುಟ್ಟಿದ ಜಾಗವನ್ನೂ ಹುಟ್ಟಿದ ಬಗೆಯನ್ನೂ ಒಟ್ಟಿಗೆ ಹೇಳುತ್ತದೆ. ಜಾಗಕ್ಕೆ ‘ಹುಟ್ಟುನೆಲೆ’, ಬಗೆಗೆ ‘ಉತ್ಪತ್ತಿ’ ಎಂದು ಬೇರ್ಪಡಿಸಬಹುದೇ?

ಇನ್ನೊಂದು ಕೋರಿಕೆ. ಗಾಳಿಯಲ್ಲಿ ಚಿನ್ನಿ ಹೊರಳುವ ಆ ಬಗೆಗೆ ನಿಮ್ಮ ಊರಿನ ಆಟದಲ್ಲಿ ಬೇರೆಯೇ ಒಂದು ಮಾತಿದ್ದರೆ, ಯಾವ ಸೀಮೆಯದು ಎಂಬುದರೊಡನೆ ದಯವಿಟ್ಟು ತಿಳಿಸಿ.