ಗಾಜು ಬದಲಿಸಿದ ಮೇಲೆ ಲೇನ್ ಅಸಿಸ್ಟ್ ಎಡಕ್ಕೆ ಎಳೆಯುತ್ತಿದೆ, ಸಹಾಯ ಬೇಕು

ಹುಬ್ಬಳ್ಳಿ ಹೈವೇಯಲ್ಲಿ ಲಾರಿ ಚಕ್ರದಿಂದ ಕಲ್ಲು ಸಿಡಿದು ಕಾರಿನ ಮುಂದಿನ ಗಾಜು ಬಿರುಕು ಬಿಟ್ಟಿತ್ತು. ಹೊರಗಿನ ಗ್ಯಾರೇಜಿನಲ್ಲಿ ಹೊಸದು ಹಾಕಿಸಿದೆ. ಅಂದಿನಿಂದ ಲೇನ್ ಅಸಿಸ್ಟ್ (ಕ್ಯಾಮೆರಾದಿಂದ ರಸ್ತೆಯ ಗೆರೆ ನೋಡಿ ಕಾರನ್ನು ಲೇನ್‌ನೊಳಗೇ ಇಡುವ ವ್ಯವಸ್ಥೆ) ಆನ್ ಇದ್ದರೆ, ಲೇನ್ ಮಧ್ಯೆ ನೆಟ್ಟಗೆ ಹೋಗುತ್ತಿದ್ದರೂ ಸ್ಟೀರಿಂಗ್ ಎಡಕ್ಕೆ ಎಳೆಯುತ್ತದೆ. ವಾರ್ನಿಂಗ್ ಲೈಟ್ ಮಾತ್ರ ಇಲ್ಲ, ಅದೇ ಜಾಸ್ತಿ ಭಯ. ಸದ್ಯಕ್ಕೆ ಆಫ್ ಮಾಡಿಟ್ಟಿದ್ದೇನೆ.

ಕನ್ನಡಿ ಹಿಂದಿನ ಕ್ಯಾಮೆರಾ ಜಾಗ ಒರೆಸಿದೆ. ಟೈರ್ ಗಾಳಿ, ವೀಲ್ ಅಲೈನ್‌ಮೆಂಟ್ ಸರಿ ಇವೆ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ಯಾವ ದೋಷದ ಕೋಡೂ ಇಲ್ಲ. ಲೇನ್ ಅಸಿಸ್ಟ್ ಆಫ್ ಇದ್ದಾಗ ಕಾರು ಎಳೆಯುವುದಿಲ್ಲ, ಅಂದರೆ ಸಮಸ್ಯೆ ಕ್ಯಾಮೆರಾದ್ದೇ ಅಲ್ವಾ?

ಗಾಜು ಹಾಕಿದವರು ‘ಸುಮ್ನೆ ಹೈವೇಯಲ್ಲಿ ಓಡಿಸಿ, ತಾನೇ ಕಲಿಯುತ್ತೆ’ ಎನ್ನುತ್ತಾರೆ. ಓಡಿಸಿದೆ, ಏನೂ ಬದಲಾಗಲಿಲ್ಲ. ಸರ್ವೀಸ್ ಸೆಂಟರ್‌ನವರು ಸಮತಟ್ಟು ನೆಲದಲ್ಲಿ ಅಳತೆಯಂತೆ ಟಾರ್ಗೆಟ್ ಬೋರ್ಡ್ ಇಟ್ಟು ಸ್ಟ್ಯಾಟಿಕ್ ಕ್ಯಾಲಿಬ್ರೇಶನ್ (ಕಾರು ನಿಲ್ಲಿಸಿಟ್ಟು ಕ್ಯಾಮೆರಾದ ನೋಟ ಸರಿಹೊಂದಿಸುವುದು) ಮಾಡಬೇಕು ಎನ್ನುತ್ತಾರೆ. ಓಡಿಸುತ್ತಾ ಮಾಡುವ ಡೈನಾಮಿಕ್ ವಿಧಾನವೂ ಇದೆ, ಆದರೆ ಅದನ್ನೂ ಸಾಮಾನ್ಯವಾಗಿ ಸ್ಕ್ಯಾನರ್‌ನಿಂದಲೇ ಶುರು ಮಾಡಬೇಕಲ್ಲ! ಜೊತೆಗೆ ಗೆರೆ ಸ್ಪಷ್ಟವಾಗಿರುವ ರಸ್ತೆ ಬೇಕು. ನಮ್ಮ ಕಡೆ ಅದನ್ನು ಹುಡುಕುವುದೇ ಒಂದು ಕೆಲಸ.

ನನ್ನ ಗೊಂದಲ ಇಷ್ಟೇ. ಹೊಸ ಗಾಜಿನ ಮೇಲೆ ಕ್ಯಾಮೆರಾ ಕೂರಿಸುವ ಬ್ರ್ಯಾಕೆಟ್ ಸ್ವಲ್ಪ ವಾರೆಯಾಗಿದ್ದರೆ ಕ್ಯಾಲಿಬ್ರೇಶನ್ ಅದನ್ನು ಸರಿದೂಗಿಸುತ್ತದೆಯೇ? ಮೊದಲು ಬ್ರ್ಯಾಕೆಟ್ ಚೆಕ್ ಮಾಡಿಸಲೇ, ನೇರವಾಗಿ ಸ್ಟ್ಯಾಟಿಕ್ ಕ್ಯಾಲಿಬ್ರೇಶನ್‌ಗೆ ದುಡ್ಡು ಕೊಡಲೇ? ಮಾಡಿಸಿದವರು ದಯವಿಟ್ಟು ತಿಳಿಸಿ.