‘ಕ್ಷುದ್ರಗ್ರಹ’ದ ಕ್ಷುದ್ರವನ್ನು ಬಿಡಬಹುದೇ?

ಡಿಸೆಂಬರಿನ ಜೆಮಿನಿಡ್ ಉಲ್ಕಾವರ್ಷ ತೋರಿಸಲು ಮಕ್ಕಳನ್ನು ಶಾಲೆಯ ತಾರಸಿಗೆ ಹತ್ತಿಸಿದ್ದೆ. ಉಡುಪಿ ಪೇಟೆಯ ಬೆಳಕಿನಿಂದ ನಾವು ತುಸು ದೂರ. ಚಾಪೆ ಹಾಸಿ ಮಲಗಿದರೆ ತೆಂಗಿನ ಗರಿಗಳ ಮೇಲ್ಗಡೆ ಮಿಥುನ ರಾಶಿ ಚೆನ್ನಾಗಿ ಕಾಣುತ್ತದೆ. “ಹೆಚ್ಚಿನ ಉಲ್ಕಾವರ್ಷಗಳು ಧೂಮಕೇತು ಬಿಟ್ಟುಹೋದ ಧೂಳಿನಿಂದ ಆಗುತ್ತವೆ. ಇದು ಮಾತ್ರ ಫೇಥಾನ್ ಎಂಬ ಕ್ಷುದ್ರಗ್ರಹದ ಧೂಳು” ಎಂದೆ. ಸೂರ್ಯನನ್ನು ಸುತ್ತುವ ಸಣ್ಣ ಕಲ್ಲುಬಂಡೆಗೆ ಪಠ್ಯಪುಸ್ತಕದಲ್ಲಿ ಆ ಹೆಸರು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ಕೂತಳು. “ಟೀಚರ್, ಕ್ಷುದ್ರ ಅಂದ್ರೆ ಮಾಟದ್ದಲ್ವಾ? ಅದರ ಧೂಳು ನಮ್ಮ ಮೇಲೆ ಬಿದ್ರೆ ಎಂತ ಆಗ್ತದೆ?” ಪಕ್ಕದವಳು ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು.

ಆ ಮಗುವಿನ ಕನ್ನಡದಲ್ಲಿ ತಪ್ಪೇನೂ ಇಲ್ಲ. ಸಂಸ್ಕೃತದಲ್ಲಿ ಕ್ಷುದ್ರ ಎಂದರೆ ಸಣ್ಣದು ಎಂಬ ಅರ್ಥ ಇದ್ದೇ ಇದೆ. ಆದರೆ ನಾವು ಮಾತಿನಲ್ಲಿ ಅದನ್ನು ಬಳಸುವುದು ಎಲ್ಲಿ? ಕ್ಷುದ್ರಶಕ್ತಿ, ಕ್ಷುದ್ರಪೂಜೆ, ಕ್ಷುದ್ರಬುದ್ಧಿ. ಎಲ್ಲವೂ ಕೆಟ್ಟದ್ದು, ಇಲ್ಲವೇ ಕೀಳು. ಅದಕ್ಕೆ ‘ಗ್ರಹ’ ಬೇರೆ ಸೇರಿತು. ಗ್ರಹಚಾರ, ಗ್ರಹ ಬಡಿಯುವುದು, ಎಳೆಮಕ್ಕಳನ್ನು ಹಿಡಿಯುತ್ತದೆಂದು ಹೆದರುವ ಬಾಲಗ್ರಹ, ಇವೆಲ್ಲ ಮನೆಯಲ್ಲಿ ಕೇಳಿದ ಮಾತುಗಳು. ಎರಡೂ ಸೇರಿದಾಗ ಮಗುವಿನ ಕಿವಿಗೆ ಬಿದ್ದದ್ದು ಕಲ್ಲುಬಂಡೆಯ ಹೆಸರಲ್ಲ, ಪೀಡೆಯ ಹೆಸರು.

ತುಳುನಾಡಿನಲ್ಲಿ ಈ ಪದಕ್ಕೆ ಇನ್ನೊಂದು ನೋವೂ ಅಂಟಿಕೊಂಡಿದೆ. ನಾವು ನಂಬುವ ದೈವಗಳನ್ನು ‘ಕ್ಷುದ್ರದೇವತೆ’ ಎಂದು ಬರೆದವರುಂಟು. ಅದನ್ನು ಓದಿ ಬೇಸರಪಟ್ಟ ಮನೆಗಳ ಮಕ್ಕಳೇ ನನ್ನ ತರಗತಿಯಲ್ಲಿ ಕೂತಿರುವುದು. ಅವರ ಮುಂದೆ ನಿಂತು “ಇಲ್ಲಿ ಕ್ಷುದ್ರ ಅಂದರೆ ಬರೀ ಸಣ್ಣದು ಮಕ್ಕಳೇ” ಎಂದು ವರ್ಷವರ್ಷವೂ ವಿವರಿಸುವುದು ನನಗೆ ಸರಿ ಕಾಣುತ್ತಿಲ್ಲ.

ಹೆಸರಿನ ತೊಡಕು ನಮ್ಮದೊಂದೇ ಅಲ್ಲ. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಟ್ಸಿ ಇಂಥವುಗಳಲ್ಲಿ ಮೊದಲನೆಯದಾದ ಸಿರಿಸ್ ಅನ್ನು ಕಂಡ ಮೇಲೆ ಅದನ್ನು ಗ್ರಹವೆಂದೇ ಎಣಿಸಿದರು. ಮರುವರ್ಷ ಪಲ್ಲಾಸ್ ಸಿಕ್ಕಿತು. ದೂರದರ್ಶಕದಲ್ಲಿ ಇವು ತಟ್ಟೆಯಂತೆ ಕಾಣದೆ ಬರೀ ಚುಕ್ಕಿಯಾಗಿ ಕಂಡವು ಎಂದು ಖಗೋಳಜ್ಞ ಹರ್ಷೆಲ್ ‘ಆಸ್ಟೆರಾಯ್ಡ್’ ಎಂದು ಕರೆದ. ನಕ್ಷತ್ರದಂಥದ್ದು ಎಂದು ಅರ್ಥ. ನಕ್ಷತ್ರಕ್ಕೂ ಈ ಕಲ್ಲುಗಳಿಗೂ ಎಲ್ಲಿಂದೆಲ್ಲಿಗೆ ಸಂಬಂಧ! ಆದರೂ ಆ ಪದ ಉಳಿಯಿತು, ಏಕೆಂದರೆ ಅದು ಯಾರನ್ನೂ ಹೆದರಿಸಲಿಲ್ಲ.

ನೆರೆಯ ನುಡಿಗಳನ್ನು ನೋಡಿದೆ. ಕಾಸರಗೋಡು ದಾಟಿದರೆ ಮಲಯಾಳದಲ್ಲಿ ‘ಛಿನ್ನಗ್ರಹಂ’, ತೆಲುಗಿನಲ್ಲಿ ‘ಗ್ರಹಶಕಲಂ’. ಎರಡಕ್ಕೂ ಒಡೆದ ಗ್ರಹದ ಚೂರು ಎಂಬ ಅರ್ಥ. ಕೇಳಲು ಸೊಗಸು, ಆದರೆ ಮಂಗಳ ಮತ್ತು ಗುರುವಿನ ನಡುವೆ ಇದ್ದ ಗ್ರಹವೊಂದು ಒಡೆದು ಇವಾದವು ಎಂಬ ಹಳೆಯ ಊಹೆಯನ್ನು ಈಗ ಯಾರೂ ಒಪ್ಪುವುದಿಲ್ಲ. ಆ ನಡುವಿನ ಕಲ್ಲುಗಳನ್ನೆಲ್ಲ ರಾಶಿ ಹಾಕಿದರೂ ನಮ್ಮ ಚಂದ್ರನ ನೂರರಲ್ಲಿ ಮೂರು ನಾಲ್ಕು ಪಾಲಿಗಿಂತ ಹೆಚ್ಚು ತೂಗುವುದಿಲ್ಲ. ಗುರುವಿನ ಸೆಳೆತ ಅಲ್ಲಿ ಗ್ರಹ ಕಟ್ಟಿಕೊಳ್ಳಲು ಬಿಡಲೇ ಇಲ್ಲ. ಬಂಗಾಳಿಯ ‘ಗ್ರಹಾಣು’ ನಮ್ಮಲ್ಲಿ ರೋಗಾಣುವಿನ ಜೊತೆ ಹೋಗಿ ಕೂರುತ್ತದೆ. ಮರಾಠಿಯದು ‘ಲಘುಗ್ರಹ’. ತಮಿಳಿನ ‘ಸಿರುಕೋಳ್’ ನನಗೆ ಹಿಡಿಸಿತು; ಸಿರು ನಮ್ಮ ಕಿರುವೇ ತಾನೇ.

ಹಾಗಾಗಿ ನನ್ನ ಮನಸ್ಸು ‘ಕಿರುಗ್ರಹ’ದ ಕಡೆಗಿದೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದ ಇದು ಅರಿಸಮಾಸ ಎಂದು ಹಿರಿಯರೊಬ್ಬರು ತಕರಾರು ತೆಗೆದರು. ಇರಲಿ, ಕಿರುಚಿತ್ರವನ್ನೂ ಕಿರುಪರಿಚಯವನ್ನೂ ದಿನಾ ಬಳಸುತ್ತಿದ್ದೇವೆ, ಕನ್ನಡದ ಕಿವಿ ಅವನ್ನು ಒಪ್ಪಿದೆ. ನನಗೆ ನಿಜವಾಗಿ ಅಡ್ಡಿಯೆನಿಸುವುದು ಬೇರೆ. 2006ರಿಂದ ಪ್ಲೂಟೋ ‘ಕುಬ್ಜಗ್ರಹ’. ಸುಮಾರು 940 ಕಿ.ಮೀ. ಅಡ್ಡಗಲದ ಸಿರಿಸ್ ಕೂಡ ಅದೇ ಗುಂಪಿಗೆ ಸೇರಿತು. ಕುಬ್ಜ ದೊಡ್ಡದೋ ಕಿರು ದೊಡ್ಡದೋ ಎಂದು ಮಕ್ಕಳು ಕೇಳಿದರೆ ಪದವೇ ಉತ್ತರ ಹೇಳುವುದಿಲ್ಲ. ‘ಗ್ರಹ’ವನ್ನೇ ಬಿಟ್ಟು ಬೇರೊಂದು ಪದ ಕಟ್ಟಬಹುದೇ? ಆಕಾಶಕಾಯ ಇರುವಂತೆ ‘ಕಿರುಕಾಯ’ ಎನ್ನಬಹುದು, ಆದರೆ ಕಲ್ಲಿನವು, ಮಂಜುಗಡ್ಡೆಯವು ಎಲ್ಲವನ್ನೂ ಸೇರಿಸಿ ಹೇಳಲು ಅದನ್ನು ಕಾದಿರಿಸುವುದು ಲೇಸು.

‘ಧೂಮಕೇತು’ವಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಹೊಗೆಯ ಬಾವುಟ ಎಂಬ ಚಿತ್ರ ಚೆಂದವೇ, ಅಲ್ಲಿರುವುದು ಹೊಗೆಯಲ್ಲ, ಬಿಸಿಲಿಗೆ ಆವಿಯಾದ ಮಂಜಿನ ಅನಿಲ ಮತ್ತು ಧೂಳು ಎಂದು ಹೇಳಿದರಾಯಿತು. ಸಣ್ಣ ತರಗತಿಗೆ ‘ಬಾಲಚುಕ್ಕಿ’ ಸಾಕು.

‘ಉಲ್ಕೆ’ಯದು ಬೇರೆ ಫಜೀತಿ. ಬಾನಿನಲ್ಲಿ ತೇಲುವ ಕಲ್ಲಿಗೂ, ಗಾಳಿಗೆ ಹೊಕ್ಕು ಉರಿದ ಗೆರೆಗೂ, ನೆಲಕ್ಕೆ ಬಿದ್ದ ತುಂಡಿಗೂ ಒಂದೇ ಹೆಸರು ಹಾಕುತ್ತಾರೆ. ಉಲ್ಕೆ ಎಂದರೆ ಮೂಲದಲ್ಲಿ ಕೊಳ್ಳಿ. ಆದ್ದರಿಂದ ಅದು ಉರಿಯುವ ಗೆರೆಗೆ ಮಾತ್ರ ಇರಲಿ. ಕೈಗೆ ಸಿಕ್ಕಿದ್ದು ‘ಉಲ್ಕಾಶಿಲೆ’. ಇನ್ನೂ ಉರಿಯದೆ ಸುತ್ತುತ್ತಿರುವುದಕ್ಕೆ ‘ಉಲ್ಕಾಪಿಂಡ’ ಎನ್ನುತ್ತಿದ್ದೇನೆ, ಪಿಂಡ ಎಂದ ಕೂಡಲೇ ಮಕ್ಕಳು ಶ್ರಾದ್ಧಕ್ಕೆ ಹೋಗುತ್ತಾರೆ. ಇದಕ್ಕೂ ಒಳ್ಳೆಯ ಪದ ಬೇಕು.

ಅವಸರ ಯಾಕೆಂದರೆ, 2029ರ ಏಪ್ರಿಲ್ 13ರಂದು ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯ ನೆಲದಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗಲಿದೆ. ನಮ್ಮ ಟಿವಿಗೆ ಬರುವ ಉಪಗ್ರಹಗಳಿಗಿಂತಲೂ ಹತ್ತಿರ. ಬಡಿಯುವುದಿಲ್ಲ ಎಂದು ಲೆಕ್ಕ ಖಚಿತವಾಗಿದೆ. ಆದರೂ ಆ ವಾರ ‘ಕ್ಷುದ್ರ’ ಎಂಬ ಎರಡಕ್ಷರದ ಪುಟ್ಟ ಪದ ಎಷ್ಟು ಮನೆಗಳಲ್ಲಿ ದಿಗಿಲು ಹುಟ್ಟಿಸಬಹುದೆಂದು ನೆನೆದರೆ ಸಂಕಟವಾಗುತ್ತದೆ.

ಬಲ್ಲವರು ತಿಳಿಸಿ: ಪಠ್ಯಪುಸ್ತಕದ ‘ಕ್ಷುದ್ರಗ್ರಹ’ ನೆಲೆಯೂರುವ ಮೊದಲು ಕನ್ನಡದಲ್ಲಿ ಬೇರೆ ಪದ ಓಡಾಡಿತ್ತೇ? ಕುಂದಾಪುರ, ಸುಳ್ಯದ ಕಡೆ ಮನೆಮಾತಿನಲ್ಲಿ ಬೀಳುವ ಚುಕ್ಕಿಗೆ ಏನನ್ನುತ್ತೀರಿ? ತರಗತಿಯ ಗೋಡೆಗೆ ಸೌರವ್ಯೂಹದ ಚಿತ್ರ ಹೊಸದಾಗಿ ಬರೆಸುತ್ತಿದ್ದೇವೆ. ಮಂಗಳ ಮತ್ತು ಗುರುವಿನ ನಡುವೆ ಚುಕ್ಕಿಗಳನ್ನು ಇಟ್ಟಾಗಿದೆ, ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.